ಹೊಗೆಸೊಪ್ಪಿಗೆ ಹರಾಜುಕಟ್ಟೆ, ರಾಗಿಗೆ ಬರೀ ಉಪದೇಶ

ಬೆಟ್ಟದಪುರದ ಸುತ್ತಲಿನ ಹಳ್ಳಿಗಳಲ್ಲಿ ಆಗಸ್ಟ್ ತಿಂಗಳ ಮುಂಜಾನೆ ಮಂಜು ಯಾವುದು, ಹೊಗೆ ಯಾವುದು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಹೊಲದ ಅಂಚಿನಲ್ಲಿ, ಮನೆಯ ಹಿಂದೆ ಬ್ಯಾರನ್‌ಗಳು ಹಗಲಿರುಳೂ ಉರಿಯುತ್ತಿರುತ್ತವೆ. ಒಂದು ಬ್ಯಾರನ್ ಎಲೆ ಹದವಾಗಲು ಐದಾರು ದಿನ ಬೇಕು. ಅಷ್ಟೂ ದಿನ ಒಲೆಯ ಬಾಯಿಗೆ ಸೌದೆ ಬೀಳುತ್ತಲೇ ಇರಬೇಕು. ಶಾಖ ಏರುಪೇರಾದರೆ ಎಲೆಯ ಬಣ್ಣ ಕೆಟ್ಟು ದರ್ಜೆ ಇಳಿಯುತ್ತದೆ. ಹೀಗಾಗಿ ಮನೆಯವರಲ್ಲೊಬ್ಬರು ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಂಕಿ ಕಾಯುತ್ತಾರೆ. ನಮ್ಮ ದೇಶದ ತಂಬಾಕು ನೀತಿಯನ್ನು ದೆಹಲಿಯ ದಾಖಲೆಗಳಲ್ಲಿ ಓದುವುದಕ್ಕಿಂತ ಈ ಒಲೆಯ ಮುಂದೆ ಕುಳಿತು ಓದುವುದು ಲೇಸು.

ದಾಖಲೆಗಳೇನೋ ಉದಾತ್ತವಾಗಿಯೇ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಗೆ ಭಾರತ 2003ರಲ್ಲಿ ಸಹಿ ಹಾಕಿ, 2004ರಲ್ಲಿ ಅದನ್ನು ಅನುಮೋದಿಸಿತು. ಅದರ 17ನೆಯ ವಿಧಿ ತಂಬಾಕು ಬೆಳೆಗಾರರಿಗೆ ಬದುಕು ನಡೆಯುವಂಥ ಪರ್ಯಾಯ ಒದಗಿಸಬೇಕೆನ್ನುತ್ತದೆ. 18ನೆಯದು ಪರಿಸರವನ್ನು ಕಾಪಾಡಬೇಕೆನ್ನುತ್ತದೆ. ಇದು ಆರೋಗ್ಯ ಸಚಿವಾಲಯದ ಭಾರತ. ವಾಣಿಜ್ಯ ಸಚಿವಾಲಯದ ಭಾರತ ಬೇರೆಯೇ ಇದೆ. 1975ರ ಕಾಯಿದೆಯಂತೆ ಸ್ಥಾಪನೆಯಾದ ತಂಬಾಕು ಮಂಡಳಿಯು ಬೆಳೆಗಾರರನ್ನು ನೋಂದಾಯಿಸಿ, ಬೆಳೆಯ ಪ್ರಮಾಣ ನಿಗದಿಪಡಿಸಿ, 1984ರಿಂದ ಕರ್ನಾಟಕದಲ್ಲಿ ಹರಾಜು ನಡೆಸುತ್ತ ಬಂದಿದೆ. ನೋಂದಣಿಯಿಲ್ಲದೆ ಬೆಳೆಯುವಂತಿಲ್ಲ ಎನ್ನುತ್ತದೆ ಕಾಯಿದೆ. ಹಾಗೆ ಬೆಳೆದ ಸೊಪ್ಪನ್ನೂ ದಂಡ ಕಟ್ಟಿಸಿಕೊಂಡು, ಕೆಲವು ವರ್ಷ ಆ ದಂಡವನ್ನೂ ತಗ್ಗಿಸಿ, ಅದೇ ಕಟ್ಟೆಯಲ್ಲಿ ಮಾರಲು ಕೇಂದ್ರವೇ ಅನುಮತಿ ಕೊಡುತ್ತದೆ. ಒಂದು ಕೈ ಕಿತ್ತು ಹಾಕು ಎಂದರೆ ಇನ್ನೊಂದು ಕೈ ತೂಗಿಸಿಕೊಳ್ಳುತ್ತದೆ. 2016ರ ನವೆಂಬರ್‌ನಲ್ಲಿ ಗ್ರೇಟರ್ ನೋಯ್ಡಾದಲ್ಲಿ ಈ ಒಡಂಬಡಿಕೆಯ ಏಳನೆಯ ಅಧಿವೇಶನ ನಡೆದಾಗ ಬೆಳೆಗಾರರ ಭವಿಷ್ಯದ ಚರ್ಚೆ ಒಳಗೆ ನಡೆಯಿತು. ಬೆಳೆಗಾರರು ಹೊರಗೆ ಪ್ರತಿಭಟಿಸುತ್ತಿದ್ದರು.

ಇಲ್ಲಿ ನನ್ನ ಪಾಲಿನ ತಪ್ಪನ್ನೂ ಹೇಳಿಬಿಡಬೇಕು. ಕೆಲವು ವರ್ಷಗಳ ಹಿಂದೆ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪರ್ಯಾಯ ಬೆಳೆಗಳ ಕುರಿತು ಉಪನ್ಯಾಸಕ್ಕೆ ಹೋಗಿದ್ದೆ. ರಾಗಿ, ಅವರೆ, ಮೆಣಸಿನಕಾಯಿಗಳ ಖರ್ಚು-ಆದಾಯದ ಪಟ್ಟಿಯನ್ನು ಗೋಡೆಗೆ ತೂಗುಹಾಕಿ, ತಂಬಾಕಿಗಿಂತ ಮೆಣಸಿನಕಾಯಿಯೇ ಲಾಭದಾಯಕವೆಂದು ಸಾಧಿಸಿ ತೋರಿಸಿದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, "ಸಾರ್, ನಿಮ್ಮ ಲೆಕ್ಕ ಸರಿಯಾಗೇ ಐತೆ. ಆದ್ರೆ ಮೆಣಸಿನಕಾಯಿ ಮೂಟೆ ಯಾವ ಕಟ್ಟೆಗೆ ತಗೊಂಡೋಗ್ಲಿ? ದುಡ್ಡು ಪಾಸ್‌ಬುಕ್ಕಿಗೆ ಯಾವತ್ತು ಬೀಳ್ತದೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಬರೆದಿದ್ದ ಬೆಲೆ ಮೂರು ವರ್ಷಗಳ ಸರಾಸರಿ. ಸರಾಸರಿ ಬೆಲೆಗೆ ಯಾವ ರೈತನೂ ಯಾವ ದಿನವೂ ಮಾರುವುದಿಲ್ಲ. ಕೊಯ್ಲಾದ ವಾರ ಸಿಕ್ಕಿದ ಬೆಲೆಗೆ ಮಾರುತ್ತಾನೆ. ಡಾಕ್ಟರೇಟ್ ಪಡೆದವನಿಗೆ ಇದು ಆ ದಿನ ತಿಳಿಯಿತು.

ಹರಾಜುಕಟ್ಟೆಯೇನೂ ಸ್ವರ್ಗವಲ್ಲ. ಕೊಳ್ಳುವ ಕಂಪನಿಗಳು ಬೆರಳೆಣಿಕೆಯಷ್ಟು. ಹಂಗಾಮಿನ ನಡುವೆ ದರ ಕುಸಿದು ರೈತರು ಹರಾಜು ನಿಲ್ಲಿಸಿ ಧರಣಿ ಕೂತ ದಿನಗಳು ಹುಣಸೂರಿನ ಕಟ್ಟೆಮಳಲವಾಡಿಗೂ ಪಿರಿಯಾಪಟ್ಟಣದ ಕಂಪಲಾಪುರಕ್ಕೂ ಹೊಸತಲ್ಲ. ಆದರೂ ಅಲ್ಲಿ ತಕ್ಕಡಿಯಿದೆ, ದರ್ಜೆಯಿದೆ, ಬ್ಯಾಂಕ್ ಖಾತೆಗೆ ಬರುವ ಹಣವಿದೆ. ಆ ಹಣವನ್ನು ನಂಬಿಯೇ ಬ್ಯಾಂಕು ಸಾಲ ಕೊಡುತ್ತದೆ. ಬೆಳೆಗೆಂದೇ ಹುಣಸೂರಿನಲ್ಲಿ ಸಂಶೋಧನಾ ಕೇಂದ್ರವೂ ಬೆಳೆದು ನಿಂತಿತು. ರಾಗಿಗೆ ಏನಿದೆ? ಬೆಂಬಲ ಬೆಲೆಯ ಘೋಷಣೆ ಇದೆ. 2025–26ರ ಹಂಗಾಮಿಗೆ ಕ್ವಿಂಟಾಲಿಗೆ 4,886 ರೂಪಾಯಿ. ನೋಡಲು ಚೆನ್ನಾಗಿಯೇ ಇದೆ. ಆದರೆ 2021–22ರಲ್ಲಿ ಸಣ್ಣ ಮತ್ತು ಅತಿ ಸಣ್ಣ ರೈತರಿಂದ ಮಾತ್ರ, ಅದೂ ಒಬ್ಬರಿಂದ 20 ಕ್ವಿಂಟಾಲ್ ಮಾತ್ರ ಕೊಳ್ಳುತ್ತೇವೆಂದು ಮಿತಿ ಹೇರಿದ್ದನ್ನು ರೈತರು ಮರೆತಿಲ್ಲ. ಕೆ.ಆರ್. ನಗರದ ನಾಲೆ ಬಯಲಿನ ಭತ್ತದ ರೈತನ ಗತಿಯೂ ಅಷ್ಟೇ. ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಅವನ ಭತ್ತ ದಲ್ಲಾಳಿಯ ಲಾರಿ ಹತ್ತಿರುತ್ತದೆ.

ಪರ್ಯಾಯವನ್ನು ಬರೀ ಮಾರುಕಟ್ಟೆಯ ಪಾಲಿಗೆ ಬಿಟ್ಟರೆ ಏನಾಗುತ್ತದೆಂಬುದನ್ನು ಎಚ್.ಡಿ. ಕೋಟೆಯ ಶುಂಠಿ ಹೊಲಗಳಲ್ಲಿ ನೋಡಬಹುದು. ಗುತ್ತಿಗೆಗೆ ಹಿಡಿದ ಭೂಮಿ, ಮಿತಿಮೀರಿದ ಗೊಬ್ಬರ ಮತ್ತು ಔಷಧಿ. ಮಣ್ಣು ಸೊರಗಿದ ಮೇಲೆ ಗುತ್ತಿಗೆದಾರ ಬೇರೆ ಊರಿಗೆ. 2023ರಲ್ಲಿ ಗಗನಕ್ಕೇರಿದ ದರವನ್ನು ನೋಡಿ ಹೊಸದಾಗಿ ನೆಟ್ಟವರು ಮರುವರ್ಷ ಕೈಸುಟ್ಟುಕೊಂಡರು. ಹೆಚ್ಚು ಮೌಲ್ಯದ ಬೆಳೆ ಬೆಳೆಯಿರಿ ಎಂಬ ಪಾಠ ಹೊಲಕ್ಕಿಳಿದಾಗ ತಳೆದ ರೂಪ ಇದು.

ಇನ್ನು ಸೌದೆಯ ಲೆಕ್ಕ. ವಸ್ತುವಿನ ಬೆಲೆಯಲ್ಲಿ ಅದರ ಎಲ್ಲ ವೆಚ್ಚವೂ ಸೇರಿರಬೇಕು ಎಂದು ಅರ್ಥಶಾಸ್ತ್ರದ ಪಠ್ಯ ವಿದ್ಯಾರ್ಥಿಗಳಿಗೆ ಕಲಿಸುತ್ತದೆ. ಒಂದು ಕಿಲೋ ಹದಗೊಂಡ ಎಲೆಗೆ ಹಲವು ಕಿಲೋ ಸೌದೆ ಉರಿಯುತ್ತದೆ. ರೈತ ಕೊಡುವುದು ಸೌದೆಯ ದರವನ್ನು. ಬದುವಿನ ಹೊಂಗೆ, ಮಾವು, ಹುಣಸೆ ಮರಗಳು ಹೋದ ನಷ್ಟ ಯಾವ ಹರಾಜಿನ ಚೀಟಿಯಲ್ಲೂ ಕಾಣದು. ನಾಗರಹೊಳೆಯ ಅಂಚಿನಲ್ಲೇ ಇಷ್ಟು ಒಲೆಗಳಿಗೆ ಪರವಾನಗಿ ಕೊಡುವ ಸರ್ಕಾರ, ಕಾಡಿನಿಂದ ಪುಳ್ಳೆ ಆರಿಸಿ ತಂದ ಹಾಡಿಯ ಹೆಂಗಸನ್ನು ಅರಣ್ಯನಾಶದ ಅಪರಾಧಿಯಂತೆ ನೋಡುತ್ತದೆ. ಮಳೆಯಲ್ಲಿ ನೆನೆದ ಎಲೆ ಮುರಿಯುವ ಕೂಲಿಯವರಿಗೆ ನಿಕೋಟಿನ್ ಚರ್ಮದ ಮೂಲಕ ಒಳಸೇರಿ ವಾಂತಿ, ತಲೆಸುತ್ತು ಬರುತ್ತದೆ. ಅದಕ್ಕೂ ನಮ್ಮ ಖರ್ಚಿನ ಪಟ್ಟಿಯಲ್ಲಿ ಕಲಮಿಲ್ಲ. ನನ್ನ ಪಟ್ಟಿಯಲ್ಲೂ ಇರಲಿಲ್ಲ.

ಸಿದ್ಧಾಂತ ಬೇರೆ, ಆಚರಣೆ ಬೇರೆ, ಅದು ಲೋಕದ ರೂಢಿ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಹುಣಸೂರಿನ ಜನ ಈ ಮಾತನ್ನು ಒಪ್ಪಬೇಕಿಲ್ಲ. ಗೇಣಿದಾರರ ರಕ್ಷಣೆಯ ಮಾತು 1961ರ ಭೂಸುಧಾರಣಾ ಕಾಯಿದೆಯಲ್ಲೂ ಇತ್ತು. ಬಹುಪಾಲು ಕಾಗದದಲ್ಲೇ ಉಳಿಯಿತು. ಇದೇ ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿ 1974ರ ಮಾರ್ಚ್ 1ರಿಂದ ತಿದ್ದುಪಡಿಯನ್ನು ಜಾರಿಗೆ ತಂದಾಗ ಆಗಿದ್ದೇನು? ತಾಲ್ಲೂಕು ಮಟ್ಟದ ಭೂ ನ್ಯಾಯಮಂಡಳಿ ಬಂತು, ಅದರಲ್ಲಿ ಪರಿಶಿಷ್ಟರಿಗೆ ಸ್ಥಾನವಿತ್ತು, ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ, ಗೇಣಿದಾರ ತುಂಬಬೇಕಾದದ್ದು 7ನೆಯ ನಮೂನೆಯ ಅರ್ಜಿ. ಲೋಪಗಳಿರಲಿಲ್ಲವೆಂದಲ್ಲ, ಅರ್ಜಿ ಹಾಕಲು ಹೆದರಿದವರೂ, ಧಣಿಯ ಮಾತು ಮೀರದವರೂ ಇದ್ದರು. ಆದರೆ ಉಳುವವನೇ ಹೊಲದೊಡೆಯ ಎಂಬ ಘೋಷಣೆಗೆ ಒಂದು ಕಚೇರಿ, ಒಂದು ಅರ್ಜಿ, ಒಂದು ಆದೇಶ ಸಿಕ್ಕಿದ್ದರಿಂದಲೇ ಅದು ಪಹಣಿಯವರೆಗೆ ಬಂದು ಮುಟ್ಟಿತು. ಪರ್ಯಾಯ ಬೆಳೆ ಎಂಬ ಘೋಷಣೆಗೆ ಅಂಥ ಕಚೇರಿ ಎಲ್ಲಿದೆ? 2015–16ರಿಂದ ಬೆಳೆ ವೈವಿಧ್ಯೀಕರಣ ಯೋಜನೆಯನ್ನು ತಂಬಾಕು ಬೆಳೆಯುವ ರಾಜ್ಯಗಳಿಗೆ ವಿಸ್ತರಿಸಲಾಯಿತು. ಬೀಜ, ಸಲಕರಣೆ, ಪ್ರಾತ್ಯಕ್ಷಿಕೆ ಎಂದು ಹಂಚುವುದಷ್ಟೇ ಸಾಲದು. ಕೊಳ್ಳುವ ಕಟ್ಟೆ ಬೇಕಿತ್ತು.

ಚುನಾವಣೆಯಲ್ಲಿ ಮತ ಕೇಳಲು ಬರುವವರು ಲೈಸೆನ್ಸ್ ಕೊಡಿಸುತ್ತೇವೆ, ದಂಡ ಮನ್ನಾ ಮಾಡಿಸುತ್ತೇವೆ ಎನ್ನುತ್ತಾರೆ. ಮಾರ್ಚ್‌ನಲ್ಲಿ ಹೊಗೆಸೊಪ್ಪಿನ ಸಸಿಮಡಿ ಹಾಕುವ ಮೊದಲು ಗ್ರಾಮಸಭೆ ಕರೆಸಿ ಬೇರೆ ಪ್ರಶ್ನೆ ಕೇಳೋಣ. ರಾಗಿ ಖರೀದಿ ಕೇಂದ್ರ ಯಾವ ತಾರೀಖು ತೆರೆಯುತ್ತದೆ? ಎಷ್ಟು ಕ್ವಿಂಟಾಲ್ ಕೊಳ್ಳುತ್ತದೆ? ತೂಗಿದ ಎಷ್ಟು ದಿನಕ್ಕೆ ಹಣ ಬರುತ್ತದೆ? ಉತ್ತರವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸೋಣ. ಉತ್ತರವಿಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಿಸೋಣ, ನೋಡುವವರು ನೋಡಲಿ.