ಸುಣ್ಣ ಬಳಿಯೋದೋ, ಕೆಡವಿ ಕಟ್ಟೋದೋ?

ನಮ್ಮ ಕುಮಾರಸ್ವಾಮಿ ಲೇಔಟಿನಲ್ಲಿ ಯಾವ ರಸ್ತೆಗೆ ಹೋದರೂ ಒಬ್ಬರು ಹಳೇ ಮನೆ ಕೆಡವಿಸುತ್ತಿರುತ್ತಾರೆ, ಇನ್ನೊಬ್ಬರು ಅಂಥದ್ದೇ ಮನೆಗೆ ಸುಣ್ಣ ಬಳಿಸಿ ಮೇಲೊಂದು ಮಹಡಿ ಏರಿಸುತ್ತಿರುತ್ತಾರೆ. ಕಂಪ್ಯೂಟರ್ ವಿಷಯದಲ್ಲೂ ಇವೆರಡೇ ಪಂಗಡ. ಇದ್ದ ವಿಂಡೋಸ್ ಮೇಲೇ ಹೊಸದನ್ನು ಏರಿಸುವವರು, ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಳ್ಳುವವರು. ನಾನು ಎರಡನೇ ಪಂಗಡದವನು. ಆದರೆ ಕನ್ನಡದಲ್ಲಿ ಬರೆಯುವ ನಮಗೆ ಇದರಲ್ಲಿ ಒಂದು ಬೇರೆ ಲೆಕ್ಕವೂ ಇದೆ.

ಪ್ರಶ್ನೆ ಈಗ ಮತ್ತೆ ಎದ್ದಿರೋದು ಯಾಕೆ ಅಂತ ನಿಮಗೂ ಗೊತ್ತು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು. ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳು ಬಹುತೇಕ ಅದರ ಪಟ್ಟಿಯಲ್ಲೇ ಇಲ್ಲ. ಅಂಥ ಹಳೇ ಲ್ಯಾಪ್‌ಟಾಪ್ ಇರುವವರು ಹೊಸದು ಕೊಳ್ಳಬೇಕು, ಇಲ್ಲಾ ಉಬುಂಟುವಿನಂಥ ಲಿನಕ್ಸ್ ಹಾಕಿಕೊಳ್ಳಬೇಕು. ಎರಡೂ ಹೊಸ ಸಂಸಾರವೇ!

ಅಪ್‌ಗ್ರೇಡ್ ಸುಖದ ದಾರಿ, ಒಪ್ಪುತ್ತೇನೆ. ಫೈಲು, ಪ್ರೋಗ್ರಾಮು, ಸೆಟ್ಟಿಂಗು ಎಲ್ಲ ಇದ್ದಲ್ಲೇ ಇರುತ್ತವೆ. ಹಿಡಿಸದಿದ್ದರೆ ಹತ್ತು ದಿನದೊಳಗೆ ಹಳೆಯದಕ್ಕೆ ವಾಪಸ್ ಹೋಗಬಹುದು. ಆದರೆ ವರ್ಷಗಟ್ಟಲೆ ಸೇರಿದ ಕಸವೂ ಇದ್ದಲ್ಲೇ ಇರುತ್ತೆ. ನಾಳೆ ಏನಾದರೂ ಕೆಟ್ಟರೆ ಅದು ಹಳೇ ರೋಗವೋ ಹೊಸದೋ ತಿಳಿಯಲ್ಲ.

ಇನ್ನು ಕನ್ನಡದ ಲೆಕ್ಕಕ್ಕೆ ಬರೋಣ. ನಮ್ಮ ರಸ್ತೆಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ತಾಯಿ ಹೇಳುತ್ತಿದ್ದ ಸೋಬಾನೆ ಪದಗಳನ್ನೆಲ್ಲ ವರ್ಷಗಳ ಹಿಂದೆ ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದರು. ತಾಯಿ ಈಗಿಲ್ಲ. ಅಂಗಡಿಯೊಂದರಲ್ಲಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದರು. ಫೈಲುಗಳನ್ನೆಲ್ಲ ಮೊದಲೇ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದರು, ಒಂದೂ ಹೋಗಿರಲಿಲ್ಲ. ತೆರೆದು ನೋಡಿದರೆ ಕನ್ನಡವೇ ಇಲ್ಲ, ಬರೀ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು. ಅಂಗಡಿಯವನು "ವೈರಸ್ ಸಾರ್, ಡಿಲೀಟ್ ಮಾಡಿಬಿಡಿ" ಅಂದನಂತೆ!

ಅದು ವೈರಸ್ ಅಲ್ಲ. ನುಡಿ, ಬರಹಗಳ ಹಳೇ ಆಸ್ಕಿ ವಿಧಾನದಲ್ಲಿ ಫೈಲಿನೊಳಗೆ ಕನ್ನಡ ಇರೋದೇ ಇಲ್ಲ. ನಾವು 'ಕ' ಒತ್ತಿದರೆ ಒಳಗೆ ಕೂರೋದು ಒಂದು 'ಪಿ', ಜೊತೆಗೆ ತಲೆ ಮೇಲೆ ಗೀಟಿರುವ ಒಂದು 'ಎ'. ಅವನ್ನು 'ಕ' ಅಂತ ತೋರಿಸೋದು ಫಾಂಟಿನ ಕೆಲಸ. ಅಪ್‌ಗ್ರೇಡಿನಲ್ಲಿ ನಾವು ಹಾಕಿದ್ದ ಫಾಂಟು ಉಳಿಯುತ್ತೆ, ಫಾರ್ಮ್ಯಾಟಿನಲ್ಲಿ ಹೋಗುತ್ತೆ. ನುಡಿ ಮತ್ತೆ ಹಾಕಿದ ಮೇಲೆ ಸೋಬಾನೆ ಪದಗಳು ಒಂದಕ್ಷರ ಬಿಡದೆ ವಾಪಸ್ ಬಂದವು. ಅವನ ಮಾತು ಕೇಳಿ ಡಿಲೀಟ್ ಮಾಡಿದ್ದರೆ?

ಯೂನಿಕೋಡ್ ಹಾಗಲ್ಲ. 2001ರ ಎಕ್ಸ್‌ಪಿಯಲ್ಲಿ ನಾವು ಕಂಡ ತುಂಗಾ ಫಾಂಟು ವಿಂಡೋಸ್ 10ರಿಂದ ಈಚೆಗೆ ಬೇಕಾದರೆ ಹಾಕಿಕೊಳ್ಳುವ ಹೆಚ್ಚುವರಿ ಫಾಂಟುಗಳ ಪಟ್ಟಿಗೆ ಸೇರಿದೆ. ಆದರೂ ತುಂಗಾದಲ್ಲಿ ಬರೆದ ಹಳೇ ಕಡತ ನಿರ್ಮಲಾ ಫಾಂಟಿನಲ್ಲಿ ಚೆನ್ನಾಗಿಯೇ ತೆರೆಯುತ್ತೆ. ಅಂಗಿ ಬದಲಾಯಿತು, ಆಳು ಅವನೇ :-)

ಹಾಗಾದರೆ ಅಪ್‌ಗ್ರೇಡೇ ಕ್ಷೇಮ ಅಂತೀರಾ? ನಾನು ಒಪ್ಪಲ್ಲ. ಅಪ್‌ಗ್ರೇಡ್ ಈ ಸಮಸ್ಯೆಯನ್ನು ಮುಚ್ಚಿಡುತ್ತೆ ಅಷ್ಟೇ. ಹಾರ್ಡ್‌ಡಿಸ್ಕ್ ಒಂದು ದಿನ ಸಾಯೋದೇ. ಅವತ್ತು ನೀವಿಲ್ಲದಿದ್ದರೆ ಆ ಫೈಲನ್ನು ತೆರೆಯುವ ಮಕ್ಕಳಿಗೆ ಇದು ಕನ್ನಡ ಅಂತಲೂ ತಿಳಿಯಲ್ಲ.

ಆದ್ದರಿಂದ ಹೊಸದಾಗಿಯೇ ಹಾಕಿ, ಆದರೆ ಅದಕ್ಕೆ ಮುಂಚೆ ಒಂದು ಭಾನುವಾರ ಇದಕ್ಕೆ ಕೊಡಿ. ವಿಂಡೋಸ್ ಫೋಲ್ಡರಿನಲ್ಲಿರುವ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹದ ಫಾಂಟುಗಳನ್ನು ಕಾಪಿ ಮಾಡಿಟ್ಟುಕೊಳ್ಳಿ. ಹಳೇ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸಿ. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ, ಅರವಿಂದ ವಿ.ಕೆ. ಅವರು ಮಾಡಿದ್ದೂ ಪುಕ್ಕಟೆ ಸಿಗುತ್ತೆ. ಅರ್ಕಾವತ್ತು ಇರುವ ಕಡೆ, ಇಂಗ್ಲಿಷ್ ಪದ ಬೆರೆತ ಕಡೆ ಒಮ್ಮೆ ಕಣ್ಣಾಡಿಸಿ, ಅಲ್ಲಿ ತಪ್ಪು ನುಸುಳುತ್ತೆ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ.

ಇಷ್ಟಾದ ಮೇಲೆ ಧೈರ್ಯವಾಗಿ ಕೆಡವಿ. ನಿಮ್ಮ ಹಳೇ ಫೋಲ್ಡರುಗಳಲ್ಲಿ ಏನೇನಿದೆ, ಇವತ್ತೇ ಒಮ್ಮೆ ತೆರೆದು ನೋಡ್ತೀರಾ?