ಮೋಟಾರು ಪಂದ್ಯದಲ್ಲಿ ಅಪಘಾತವೇಕೆ?

ಕಕ್ಕಬೆಯಿಂದ ತಡಿಯಂಡಮೋಳ್ ಬೆಟ್ಟದ ಕಡೆಗೆ ಏರುವ ದಾರಿಯನ್ನು ಬಲ್ಲ ವಾಚಕರಿಗೆ ರ‍್ಯಾಲಿ ಪಂದ್ಯದ ಅಪಾಯವನ್ನು ನಾವು ಬಹಳವಾಗಿ ವಿವರಿಸಬೇಕಾಗಿಲ್ಲ. ಒಂದು ಕಡೆ ಬರೆ, ಇನ್ನೊಂದು ಕಡೆ ಇಳಿಜಾರು, ನಡುವೆ ಮುಂದಿನದನ್ನು ಮರೆಮಾಡುವ ತಿರುವು. ಕೊಡಗಿನ ಕಾಫಿತೋಟಗಳ ಇಂತಹ ಮಣ್ಣುದಾರಿಗಳಲ್ಲಿಯೂ ಈ ಪಂದ್ಯವು ನಡೆದಿರುವುದುಂಟು.

ಇಲ್ಲಿ ಚಾಲಕನು ಕಣ್ಣಿನಷ್ಟೇ ಕಿವಿಯನ್ನೂ ನಂಬತಕ್ಕವನು. ಸಹಚಾಲಕನು ಮೊದಲೇ ಬರೆದಿಟ್ಟ ಟಿಪ್ಪಣಿಯನ್ನೋದಿ ತಿರುವುಗಳನ್ನು ತಿಳಿಸುವನು. ಅದರಲ್ಲಿ ಒಂದು ಮಾತು ತಪ್ಪಿದರೂ, ಮುಂದೆ ಹೋದ ಕಾರುಗಳು ಕಲ್ಲನ್ನೆಬ್ಬಿಸಿ ದಾರಿಯನ್ನು ಕೆಡಿಸಿದ್ದರೂ, ವೇಗವು ತಿರುವಿಗೆ ಮೀರಿದುದಾಗುವುದು. ವೇಗವು ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವು ನಾಲ್ಮಡಿಯಾಗುವುದು.

ಆದರೆ ದೋಷವೆಲ್ಲವೂ ಚಾಲಕನದಲ್ಲ. 1986ರಲ್ಲಿ ಪೋರ್ಚುಗಲ್ ದೇಶದಲ್ಲಿ ದಾರಿಗಂಟಿ ನಿಂತಿದ್ದ ಪ್ರೇಕ್ಷಕರ ಮೇಲೆ ಕಾರು ನುಗ್ಗಿ ಜೀವಹಾನಿಯಾಯಿತು. 2019ರಲ್ಲಿ ರಾಜಸ್ಥಾನದ ಬಾರ್ಮೇರ್ ಬಳಿ ಪಂದ್ಯದ ದಾರಿಗೆ ಬಂದ ಮೋಟಾರುಸೈಕಲ್ಲಿಗೆ ಕಾರು ಬಡಿದು ಒಂದೇ ಸಂಸಾರದ ಮೂವರು ಮಡಿದರು.

ಆದುದರಿಂದ ಪಂದ್ಯ ನೋಡಹೋಗುವ ಮಕ್ಕಳನ್ನು ತಿರುವಿನ ಹೊರಬದಿಯಲ್ಲಿ ನಿಲ್ಲಗೊಡಬಾರದು. ಜಾರಿದ ಕಾರು ಅತ್ತಲೇ ಬರುವುದು. ಮನೆಯ ತರುಣರಿಗೂ ನಮ್ಮದೊಂದು ಅರಿಕೆ: ಪಂದ್ಯದ ಕಾರಿಗೆ ಉಕ್ಕಿನ ಪಂಜರವುಂಟು, ದಾರಿಯ ಟಿಪ್ಪಣಿಯುಂಟು, ಎದುರಿನಿಂದ ಗಾಡಿ ಬಾರದಂತೆ ಕಾವಲಾದರೂ ಉಂಟು. ನಮ್ಮ ಜೀಪಿಗೆ ಇವೊಂದೂ ಇಲ್ಲ.