ಸೈನ್ಯದ ಜಮಾಬಂದಿ ಯಾವಾಗ?

ನಮ್ಮ ಅಮಾಸೆಬೈಲಿನಂಥ ಊರಲ್ಲಿ ಪಂಚಾಯತಿ ಜಮಾಬಂದಿಯ ದಿನ ಯಾರು ಬೇಕಾದರೂ ಎದ್ದು ಕೇಳಬಹುದು: ಚರಂಡಿಗೆ ಎಷ್ಟು ಹಾಕಿದಿರಿ, ಬಿಲ್ ತೋರಿಸಿ. ಕೇಳಿದವನನ್ನು ಆಮೇಲೆ ಹೇಗೆ ನೋಡುತ್ತಾರೆ ಅನ್ನೋದು ಬೇರೆ ಮಾತು.

ದಿಲ್ಲಿಯ ಲೆಕ್ಕಕ್ಕೆ ಹೀಗೆ ಏಳುವವರು ಯಾರು? 2025-26ರಲ್ಲಿ ರಕ್ಷಣೆಗೆ ಇಟ್ಟದ್ದು 6.81 ಲಕ್ಷ ಕೋಟಿ ರೂಪಾಯಿ. ಕೂಲಿ ದುಡ್ಡಲ್ಲಿ ಸೋಪು ಕೊಂಡು ತೆರಿಗೆ ಕಟ್ಟುವ ನಮ್ಮದೂ ಅದರಲ್ಲಿದೆ. ಇಲಾಖೆಯ ಬೇಡಿಕೆಯನ್ನು ಒಪ್ಪುವ, ತಿರಸ್ಕರಿಸುವ, ಕಡಿತ ಮಾಡುವ ಅಧಿಕಾರವನ್ನು ಸಂವಿಧಾನದ 113ನೇ ವಿಧಿ ಲೋಕಸಭೆಗೆ ಕೊಟ್ಟಿದೆ. ಆದರೆ ಗೊತ್ತಾದ ದಿನ ಬಂತು ಅಂದರೆ, ಚರ್ಚೆಯಾಗದ್ದನ್ನೆಲ್ಲ ಒಂದೇ ಏಟಿಗೆ ಮತಕ್ಕೆ ಹಾಕುತ್ತಾರೆ. ಅದರ ಹೆಸರು ಗಿಲೊಟಿನ್, ತಲೆ ಕಡಿಯುವ ಯಂತ್ರದ್ದೇ ಹೆಸರು! 2018ರಲ್ಲೂ 2023ರಲ್ಲೂ ಎಲ್ಲ ಇಲಾಖೆಗಳದ್ದೂ ಹಾಗೇ ಆಯಿತು. ಖರ್ಚಾದ ಮೇಲೆ ಲೆಕ್ಕ ನೋಡುವವರು ಮಹಾಲೇಖಪಾಲರು. 2019ರ ಅವರ ರಫೇಲ್ ವರದಿಯಲ್ಲಿ ಬೆಲೆಯನ್ನೇ ಮುಚ್ಚಿದ್ದರು.

ಕೇಳಿದರೆ ದೇಶದ್ರೋಹಿ ಅಂತಾರೆ. ಗಡಿ ಕಾಯುವ ಹುಡುಗರ ಅನ್ನಕ್ಕೆ ನಮ್ಮ ತಕರಾರಿಲ್ಲ. ಬಾಬಾಸಾಹೇಬರ ತಂದೆಯೇ ಸೈನ್ಯದಲ್ಲಿ ಸುಬೇದಾರರು. ಆ ಮನೆಯಲ್ಲಿ ಬೆಳೆದವರು 1951ರ ಅಕ್ಟೋಬರಿನಲ್ಲಿ, ಮಂತ್ರಿಗಿರಿ ಬಿಟ್ಟ ಹೇಳಿಕೆಯಲ್ಲಿ, 350 ಕೋಟಿ ವರಮಾನದಲ್ಲಿ ಸುಮಾರು 180 ಕೋಟಿ ಸೈನ್ಯಕ್ಕೇ ಹೋಗುತ್ತಿದೆ, ಇದು ನಮ್ಮ ವಿದೇಶಾಂಗ ನೀತಿಯ ಫಲ ಎಂದು ಲೆಕ್ಕ ಒಪ್ಪಿಸಿದರು. ಅದೇ ಹೇಳಿಕೆಯ ಹಿಂದೂ ಕೋಡ್ ಬಿಲ್ಲಿನ ಮಾತನ್ನು ಸಭೆಗಳಲ್ಲಿ ಹೇಳುತ್ತೇವೆ. ಈ ಮಾತು ಹೇಳುವುದಿಲ್ಲ. ಎಂತಕ್ಕೆ?

ಎಂಪಿ ಸಾಹೇಬರು ಮುಂದಿನ ಸಲ ಓಟಿಗೆ ಬಂದಾಗ ರಸ್ತೆ ಕೇಳಿ, ನೀರು ಕೇಳಿ. ಜೊತೆಗೆ, ಗಿಲೊಟಿನ್ ದಿನ ತಾವು ಸದನದಲ್ಲಿ ಇದ್ದಿರಾ, ಯಾವುದಕ್ಕೆ ಕೈ ಎತ್ತಿದಿರಿ, ಅದನ್ನೂ ಕೇಳಿ.